ಮೇಷ್ಟ್ರ ಟ್ಯೂಬಿನಲ್ಲೊಂದು ಗುಳ್ಳೆ

“ಪಾಸೋ ಫೇಲೋ, ಬೇಗ ಹೇಳಮ್ಮಾ” ಎಂದು ಲೆಕ್ಕದ ಮೇಷ್ಟ್ರು ಬೆಂಚಿನ ಮೇಲಿಂದ ಕೇಳಿದಾಗ ಗುಳ್ಳಿಯ ಎರಡೂ ಕೈ ಮೊಣಕೈವರೆಗೆ ತೊಟ್ಟಿಯ ನೀರಿನಲ್ಲಿದ್ದವು.

ಕೈಯ ಕೆಳಗಿದ್ದದ್ದು ಮೇಷ್ಟ್ರ ಟ್ಯೂಬು. ಟ್ರ್ಯಾಕ್ಟರಿನ ಹಿಂದಿನ ಚಕ್ರದ್ದು. ಕೊಬ್ಬಿದ ಎಮ್ಮೆಯ ಹಾಗೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಎಮ್ಮೆಯ ಹಾಗೆಯೇ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಗಲ್ಲಕ್ಕೆ ಬಡಿಯುತ್ತಿತ್ತು.

ಆಗಲೇ ಅವಳಿಗೆ ಅದು ಕಂಡಿದ್ದು. ಹಳೆಯ ಪ್ಯಾಚಿನ ಅಂಚಿನಿಂದ ಒಂದು ಗುಳ್ಳೆ, ಸಾಸಿವೆ ಕಾಳಿನಷ್ಟು, ಮೆಲ್ಲಗೆ ಮೇಲೆ ಬಂತು. ಬಂದು, ಟಪ್ ಅಂತ ಒಡೆಯಿತು.

ಗುಳ್ಳಿ ಅಂಗೈಯಿಂದ ಪ್ಯಾಚನ್ನು ಒರೆಸಿದಳು. ಕೆಲವು ಸಲ ರಬ್ಬರಿಗೆ ಅಂಟಿಕೊಂಡ ಹೊರಗಿನ ಗಾಳಿಯೇ ಗುಳ್ಳೆಯಾಗಿ ಮೋಸ ಮಾಡುತ್ತದೆ. ಒರೆಸಿದ ಮೇಲೂ ಬಂದರೆ ಅದು ತೂತು. ಒರೆಸಿ ಎಣಿಸಿದಳು. ಒಂದು, ಎರಡು, ಮೂರು... ಹನ್ನೆರಡಕ್ಕೆ ಇನ್ನೊಂದು ಗುಳ್ಳೆ ಬಂತು. ಮತ್ತೆ ಹನ್ನೆರಡಕ್ಕೆ ಮತ್ತೊಂದು.

ತೂತೇ. ಸಂಶಯವೇ ಇಲ್ಲ.

ಊರು ನದಿಯ ಈಚೆ, ಸ್ಕೂಲು ಆಚೆ. ನಡುವೆ ಒಂದು ಸೇತುವೆ ಇತ್ತು. ಎರಡು ವರ್ಷದ ಹಿಂದೆ ಅದರ ನಡುಗಂಬ ಒಂದು ಕಡೆ ವಾಲಿತು. ಎಂಜಿನಿಯರುಗಳು ಬಂದರು, ಕಂಬದ ಜೊತೆ ನಿಂತು ಫೋಟೋ ತೆಗೆಸಿಕೊಂಡರು, ಹೋದರು. ಕಂಬ ಇನ್ನೂ ವಾಲಿಕೊಂಡೇ ಇದೆ, ಇನ್ನೊಂದು ಫೋಟೋಗೆ ಕಾಯುತ್ತಿರುವ ಹಾಗೆ.

ಅಂದಿನಿಂದ ಮಕ್ಕಳೆಲ್ಲ ಟ್ಯೂಬಿನಲ್ಲೇ ನದಿ ದಾಟುವುದು. ಈ ದಡದಿಂದ ಆ ದಡಕ್ಕೆ ಒಂದು ದಪ್ಪ ಹಗ್ಗ ಕಟ್ಟಿದೆ. ಟ್ಯೂಬನ್ನು ಕಂಕುಳ ಕೆಳಗೆ ಹಾಕಿ, ಭುಜದ ಮೇಲಿಂದ ದಾರ ಬಿಗಿದುಕೊಂಡು, ಹಗ್ಗ ಹಿಡಿದು ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಪುಸ್ತಕದ ಚೀಲಗಳು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಳ ಹಾಕಿಕೊಂಡು ಹಿಂದೆ ತೇಲಿ ಬರುತ್ತವೆ. ಹಗ್ಗ ಕಾಯುವುದು ಹಗ್ಗದ ತಾತನ ಕೆಲಸ. ನೀರು ಏರಿದ ದಿನ ತಾತ ಕೆಂಪು ಬಟ್ಟೆ ಕಟ್ಟಿಬಿಡುತ್ತಾನೆ. ಅವತ್ತು ಸ್ಕೂಲಿಗೆ ರಜೆ. ಕೆಂಪು ಬಟ್ಟೆ ಬೇಗ ಹರಿಯದಿರಲಿ ಅಂತ ಮಕ್ಕಳೇ ಅದನ್ನು ಎರಡು ಸಲ ಹೊಲಿದು ಕೊಟ್ಟಿದ್ದರು.

ತಾತನದು ಒಂದೇ ಕಾನೂನು. ಟ್ಯೂಬಿಲ್ಲದವರು ನೀರಿಗಿಳಿಯಬಾರದು. ಈಜು ಬರಲಿ, ಬಿಡಲಿ.

ಗುಳ್ಳಿಯ ಅಮ್ಮನದು ದಡದ ಮೇಲಿನ ಟೈರಂಗಡಿ. ಎಲ್ಲರ ಟ್ಯೂಬಿಗೂ ಗಾಳಿ ತುಂಬುವುದು, ಪ್ಯಾಚ್ ಹಾಕುವುದು ಅಲ್ಲೇ. ದಿನಾ ಬೆಳಗ್ಗೆ ಒಂದೊಂದು ಟ್ಯೂಬನ್ನೂ ಅಂಗಡಿಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಒತ್ತಿ ನೋಡಬೇಕು. ಗುಳ್ಳೆ ಬರದಿದ್ದರೆ ಸೀಮೆಸುಣ್ಣದಲ್ಲಿ ಒಂದು ಗೀಟು, ಅಂದರೆ ಪಾಸ್. ಆ ಗೀಟಿದ್ದರೆ ಮಾತ್ರ ತಾತ ನೀರಿಗೆ ಬಿಡುತ್ತಾನೆ. ಅಮ್ಮನ ಕಣ್ಣಿಗೆ ಸಣ್ಣ ಗುಳ್ಳೆ ಕಾಣುತ್ತಿರಲಿಲ್ಲ. ಹಾಗಾಗಿ ನೋಡುವ ಕೆಲಸ ಮಗಳಿಗೆ ಬಂತು. ಕೆಲಸದ ಜೊತೆಗೆ ಗುಳ್ಳಿ ಎಂಬ ಹೆಸರೂ ಬಂತು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಹಾಯಾಗಿ ಮಲಗಿತ್ತು.

ಇವತ್ತಿನವರೆಗೆ ಅವಳು ಒಂದೇ ಒಂದು ತೂತನ್ನೂ ಬಿಟ್ಟಿರಲಿಲ್ಲ.

ಆದರೆ ನಿನ್ನೆ ಕ್ಲಾಸಿನಲ್ಲಿ ಒಂದು ಸಂಗತಿ ನಡೆದಿತ್ತು.

ನಿನ್ನೆ ಮೇಷ್ಟ್ರು ಒಂದು ಲೆಕ್ಕ ಕೊಟ್ಟಿದ್ದರು. ಒಂದು ತೊಟ್ಟಿ, ಮೇಲೆ ನಲ್ಲಿ, ಕೆಳಗೆ ತೂತು. ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ಮೊದಲು ತೂತು ಮುಚ್ಚದೆ ನಲ್ಲಿ ತಿರುಗಿಸುವ ಪೆದ್ದರು ಯಾರು ಅಂತಲೇ ಗುಳ್ಳಿಗೆ ತಿಳಿಯಲಿಲ್ಲ. ಅದನ್ನೇ ಯೋಚಿಸುತ್ತಾ ಬರೆದು, ಉತ್ತರ ಹದಿನಾಲ್ಕು ದಿನ ಅಂತ ಬಂತು. ಮೇಷ್ಟ್ರು ಅದನ್ನು ಜೋರಾಗಿ ಓದಿದರು. ಈ ತೊಟ್ಟಿ ತುಂಬುವ ಹೊತ್ತಿಗೆ ನನ್ನ ಮೀಸೆ ನೆಲ ಮುಟ್ಟಿರುತ್ತೆ ಅಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಚಿಲ್ಟು ಅನ್ನೋ ಹುಡುಗನಂತೂ ಡೆಸ್ಕಿನ ಕೆಳಗೇ ಹೋಗಿಬಿಟ್ಟ. ಬೇರೆ ಯಾವ ಲೆಕ್ಕಕ್ಕೆ ನಕ್ಕಿದ್ದರೂ ಗುಳ್ಳಿ ತಡೆದುಕೊಳ್ಳುತ್ತಿದ್ದಳು. ತೊಟ್ಟಿ, ತೂತು ಎರಡೂ ಅವಳದೇ ಸಾಮ್ರಾಜ್ಯ. ಅಲ್ಲೇ ಅವಳ ಮರ್ಯಾದೆ ಹೋಗಿತ್ತು.

ಈಗ ತೂತು ಅವಳ ಕೈಯಲ್ಲಿತ್ತು.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನದಿ ದಾಟಲು ಆರುನೂರು ಎಣಿಸುವಷ್ಟು ಹೊತ್ತು. ಹನ್ನೆರಡಕ್ಕೊಂದು ಗುಳ್ಳೆ. ಅಲ್ಲಿಗೆ ಐವತ್ತು ಗುಳ್ಳೆ. ಐವತ್ತು ಗುಳ್ಳೆ ಸೇರಿದರೂ ಒಂದು ಮುಷ್ಟಿ ಗಾಳಿಯಾಗಲ್ಲ. ಟ್ಯೂಬು ಒಂಚೂರು ತಗ್ಗುತ್ತೆ. ಮೇಲೆ ಕೂತ ಮೇಷ್ಟ್ರ ಪ್ಯಾಂಟಿನ ಹಿಂಭಾಗ ನೀರಿಗೆ ತಾಗುತ್ತೆ. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಹಿಂದೆ ದೊಡ್ಡದೊಂದು ಒದ್ದೆ ಭೂಪಟ. ಅಷ್ಟೇ. ಯಾರಿಗೆ ಏನು ನಷ್ಟ?

“ಪಾಸ್, ಸರ್” ಎಂದಳು. ಟ್ಯೂಬಿನ ಮೇಲೆ ಗೀಟು ಎಳೆದಳು. ಗೀಟು ಯಾವತ್ತಿಗಿಂತ ನೆಟ್ಟಗೆ ಬಂತು.

*

ಮೇಷ್ಟ್ರು ನದಿ ದಾಟುವುದು ನೋಡಬೇಕು. ಟ್ಯೂಬಿಗೆ ಅಡ್ಡಲಾಗಿ ಒಂದು ಹಲಗೆ. ಹಲಗೆ ಮೇಲೆ ಮೇಷ್ಟ್ರು, ಸಿಂಹಾಸನದ ಮೇಲೆ ರಾಜ ಕೂತ ಹಾಗೆ. ಬೂಟುಗಳು ಕೊರಳಿಗೆ ನೇತುಬಿದ್ದಿರುತ್ತವೆ, ತೊಡೆಯ ಮೇಲೆ ಪರೀಕ್ಷೆ ಪೇಪರಿನ ಕಟ್ಟು, ಒಂದು ಕೈಯಲ್ಲಿ ಹಗ್ಗ. ಎದೆಗೆ ಒಂದು ಸಣ್ಣ ಟ್ಯೂಬು ಕಟ್ಟಿಕೊಳ್ಳಿ ಸರ್ ಅಂತ ಅಮ್ಮ ಎಷ್ಟೋ ಸಲ ಹೇಳಿದ್ದಳು. ಅದೆಲ್ಲ ಮಕ್ಕಳಿಗೆ, ನಾನೇನು ಒಂದನೇ ಕ್ಲಾಸಾ ಅಂತ ಮೇಷ್ಟ್ರು ನಕ್ಕುಬಿಡುತ್ತಿದ್ದರು.

ನೀರಿಗಿಳಿದ ಕೂಡಲೇ ಮಗ್ಗಿ ಶುರು. ದಾಟುವಷ್ಟು ಹೊತ್ತೂ ಎಲ್ಲರೂ ಜೋರಾಗಿ ಹೇಳಬೇಕು. ನದಿಯ ಮೇಲಾದರೂ ನೆಮ್ಮದಿಯಾಗಿ ಇರಲು ಬಿಡದ ಮನುಷ್ಯ ಅಂತ ಮಕ್ಕಳೆಲ್ಲ ಒಳಗೊಳಗೇ ಶಪಿಸುತ್ತಿದ್ದರು. ಮೀನುಗಳಿಗೂ ಇಷ್ಟರಲ್ಲಿ ಬಾಯಿಪಾಠ ಆಗಿರಬೇಕು ಅಂತ ಚಿಲ್ಟು ಹೇಳುತ್ತಿದ್ದ.

ಅವತ್ತು ಹದಿನೇಳರ ಮಗ್ಗಿ. ಗುಳ್ಳಿ ಮೇಷ್ಟ್ರ ಹಿಂದೆಯೇ ಇದ್ದಳು, ಭೂಪಟ ಮೊದಲು ತನಗೇ ಕಾಣಲಿ ಅಂತ. ಹದಿನೇಳೊಂದ್ಲಿ ಹದಿನೇಳು. ಟ್ಯೂಬು ಸ್ವಲ್ಪ ತಗ್ಗಿತು. ಹದಿನೇಳೆರಡ್ಲಿ ಮೂವತ್ನಾಲ್ಕು. ಇನ್ನೂ ಸ್ವಲ್ಪ. ಗುಳ್ಳಿಗೆ ನಗು ತಡೆಯಲು ಆಗಲಿಲ್ಲ.

ಮಗ್ಗಿಯ ಮೂರನೇ ಸುತ್ತಿನಲ್ಲಿ ಹದಿನೇಳಾರ್ಲಿ ಬರುವ ಹೊತ್ತಿಗೆ ನದಿಯ ನಡುವೆ ಬಂದಿದ್ದರು. ಕಾಲು ನಿಲುಕದ ಜಾಗ ಅದೊಂದೇ. ಅಲ್ಲಿ ಹಲಗೆಯ ಕೆಳಗಿನಿಂದ ಬುಸ್ಸ್ ಅಂತ ಒಂದು ಸದ್ದು ಬಂತು. ಸಾಸಿವೆಯಂಥ ಗುಳ್ಳೆಯಲ್ಲ. ನೀರು ಕುದಿಯುವ ಹಾಗೆ ಗುಳ್ಳೆಗಳು ಬಂದವು. ಪ್ಯಾಚು ಪೂರಾ ಎದ್ದುಬಿಟ್ಟಿತ್ತು.

ಟ್ಯೂಬು ಒಂದು ಕಡೆ ಮಡಚಿಕೊಂಡಿತು. ಹಲಗೆ ಜಾರಿತು. ಮೇಷ್ಟ್ರು ಬೂಟಿನ ಸಮೇತ ನೀರೊಳಗೆ ಹೋದರು. ಪೇಪರುಗಳು ಬಿಳಿ ಬಾತುಕೋಳಿಗಳ ಹಾಗೆ ಸಾಲಾಗಿ ತೇಲಿಕೊಂಡು ಹೊರಟವು.

ಮುಂದಿದ್ದವರು ತಿರುಗಿ ನೋಡಿ ಹೋ ಅಂತ ನಕ್ಕರು. ಗುಳ್ಳಿಯೂ ನಕ್ಕಳು.

ಮೇಷ್ಟ್ರ ತಲೆ ಮೇಲೆ ಬಂತು. ಬಯ್ಯಲಿಲ್ಲ. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಕೈ ನೀರನ್ನೇ ಹಿಡಿಯಲು ನೋಡುತ್ತಿತ್ತು. ತಲೆ ಮತ್ತೆ ಒಳಗೆ ಹೋಯಿತು.

ಗುಳ್ಳಿಗೆ ಹೊಳೆಯಿತು. ಈ ಮನುಷ್ಯನಿಗೆ ಈಜು ಬರಲ್ಲ.

ನೀರಿನಲ್ಲಿ ಹೆದರಿದವರಿಗೆ ಟ್ಯೂಬು ಕೊಡು, ಕೈ ಕೊಡಬೇಡ. ಇದು ಅಮ್ಮ ನೂರು ಸಲ ಹೇಳಿದ ಮಾತು. ಗುಳ್ಳಿ ಒಂದು ಕೈಯಲ್ಲಿ ಹಗ್ಗ ಗಟ್ಟಿಯಾಗಿ ಹಿಡಿದಳು. ಇನ್ನೊಂದು ಕೈಯಿಂದ ಭುಜದ ದಾರ ಬಿಚ್ಚಿ, ಟ್ಯೂಬಿನಿಂದ ನುಸುಳಿ, ಅದನ್ನು ಮೇಷ್ಟ್ರ ಎದೆಗೆ ತಾಗುವ ಹಾಗೆ ತಳ್ಳಿದಳು. ಮೇಷ್ಟ್ರು ಅದನ್ನು ತಬ್ಬಿಕೊಂಡ ರೀತಿ ನೋಡಿ ಮುಂದಿನ ಸಾಲಿನ ನಗು ನಿಂತುಹೋಯಿತು.

ಈಗ ಗುಳ್ಳಿಗೆ ಟ್ಯೂಬಿಲ್ಲ. ಹಗ್ಗ ಮಾತ್ರ. ತಾತ ಊರಿನ ದಡದಿಂದ ಏನೋ ಕೂಗುತ್ತಾ ತನ್ನ ಟ್ಯೂಬು ಹಾಕಿಕೊಂಡು ಹಗ್ಗದಗುಂಟ ಬರುತ್ತಿದ್ದ.

ಮೇಷ್ಟ್ರ ತುಟಿ ಅಲುಗಿತು. “ಹದಿನೇಳೇಳ್ಲಿ...” ಎಂದರು. ಧ್ವನಿ ಒಂದನೇ ಕ್ಲಾಸಿನದಾಗಿತ್ತು.

ಗುಳ್ಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ತಿಳಿಯಿತು. ಎರಡು ವರ್ಷದಿಂದ ದಿನಕ್ಕೆ ಎರಡು ಸಲ ಈ ಮಗ್ಗಿ ತಮಗಾಗಿ ಅಂತ ಮಕ್ಕಳೆಲ್ಲ ಅಂದುಕೊಂಡಿದ್ದರು.

“ನೂರ ಹತ್ತೊಂಬತ್ತು, ಸರ್. ಹಗ್ಗ ಹಿಡೀರಿ. ಹದಿನೇಳೆಂಟ್ಲಿ?”

“ನೂರ ಮೂವತ್ತಾರು” ಎಂದು ಮೇಷ್ಟ್ರು ಹಗ್ಗ ಹಿಡಿದರು.

ಹದಿನೇಳು ಮುಗಿದು ಹದಿನೆಂಟಕ್ಕೆ ಬಂದಾಗ ತಾತ ಬಂದು ತಲುಪಿ ಗುಳ್ಳಿಯನ್ನು ತನ್ನ ಟ್ಯೂಬಿಗೆ ಸೇರಿಸಿಕೊಂಡು, ಮೇಷ್ಟ್ರನ್ನು ಅವಳ ಟ್ಯೂಬಿನ ಸಮೇತ ಆಚೆ ದಡಕ್ಕೆ ಎಳೆದೊಯ್ದ. ಖಾಲಿ ಟ್ಯೂಬು, ಹಲಗೆ, ಪೇಪರು, ಎಲ್ಲ ಹೊಳೆಯ ಪಾಲಾಯಿತು. ಬೂಟುಗಳು ಮಾತ್ರ ಕೊರಳಲ್ಲೇ ಇದ್ದವು, ತುಂಬ ನೀರಿಟ್ಟುಕೊಂಡು.

*

ಸ್ಕೂಲಿನಲ್ಲಿ ಅವತ್ತು ಹಬ್ಬವೋ ಹಬ್ಬ. ಪರೀಕ್ಷೆ ಪೇಪರೆಲ್ಲ ಹೊಳೆಗೆ ಹೋಗಿತ್ತಲ್ಲ. ಆ ಟ್ಯೂಬಿಗೆ ತೂತು ಮಾಡಿದವರು ಯಾರೇ ಆಗಿರಲಿ, ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರು ಸುತ್ತು ಹಾಕ್ತೀನಿ ಅಂತ ಚಿಲ್ಟು ಬೆಂಚು ಹತ್ತಿ ಘೋಷಿಸಿದ. ಗುಳ್ಳಿ ತಲೆ ಎತ್ತಲಿಲ್ಲ. ನಿನ್ನೆ ಇದೇ ಮಾತು ಕೇಳಿದ್ದರೆ ಅವಳೇ ಅವನ ಹೆಗಲು ಹುಡುಕಿಕೊಂಡು ಹೋಗುತ್ತಿದ್ದಳು.

ಅಷ್ಟರಲ್ಲಿ ಸುದ್ದಿ ಬಂತು. ಹೆಡ್ ಮೇಡಮ್ ಒಂದು ಪತ್ರ ಬರೆಯುತ್ತಿದ್ದಾರಂತೆ. ಟೈರಂಗಡಿಯ ಪ್ಯಾಚು ಕಳಪೆ, ನಾಳೆಯಿಂದ ಆ ಅಂಗಡಿಯ ಟ್ಯೂಬು ಹಾಕಿಕೊಂಡು ಯಾರೂ ಬರಬಾರದು ಅಂತ ಮನೆಮನೆಗೂ ಕಳಿಸುತ್ತಾರಂತೆ.

ಅಮ್ಮ ಒಂದು ಪ್ಯಾಚು ಹಾಕಬೇಕಾದರೆ ರಬ್ಬರನ್ನು ಮಗುವಿನ ಮುಖದ ಹಾಗೆ ಒರೆಸುತ್ತಾಳೆ. ಹಳೆಯ ಪ್ಯಾಚು ಯಾವತ್ತಾದರೂ ಏಳುತ್ತೆ, ಅದಕ್ಕೇ ದಿನಾ ನೋಡು ಅಂತಾಳೆ. ನೋಡಿದವಳು ತಾನು.

ಗುಳ್ಳಿ ಎದ್ದು ಹೋದಳು.

ಮೇಷ್ಟ್ರು ಖಾಲಿ ಕ್ಲಾಸಿನಲ್ಲಿ ಒಬ್ಬರೇ ಕೂತಿದ್ದರು. ಅವರ ಬಟ್ಟೆ ಕಿಟಕಿಗೆ ನೇತಾಡುತ್ತಿತ್ತು. ಗಂಟೆ ಹೊಡೆಯುವವನ ಖಾಕಿ ಶರಟು ಹಾಕಿಕೊಂಡಿದ್ದರು. ಅವನು ಕಡ್ಡಿಯಂಥ ಮನುಷ್ಯ. ಶರಟಿನ ಗುಂಡಿಗಳು ಪ್ರಾಣ ಹಿಡಿದುಕೊಂಡು ಕೂತಿದ್ದವು. ಮೀಸೆ ಜೋತುಬಿದ್ದಿತ್ತು.

ಗುಳ್ಳಿ ನಿಂತಲ್ಲೇ ಎಲ್ಲ ಹೇಳಿದಳು. ಗುಳ್ಳೆ ಕಂಡಿದ್ದು, ಒರೆಸಿದ ಮೇಲೂ ಬಂದದ್ದು, ದಾಟಲು ಆರುನೂರು ಎಣಿಕೆ ಅಂತ ಲೆಕ್ಕ ಹಾಕಿದ್ದು, ಭೂಪಟ, ಪಾಸ್. ಪ್ಯಾಂಟಿನ ಹಿಂಭಾಗ ಅನ್ನುವಾಗ ಮಾತ್ರ ಸ್ವಲ್ಪ ತಡವರಿಸಿದಳು.

ಮೇಷ್ಟ್ರು ಎದ್ದು ಬೋರ್ಡಿನ ಹತ್ತಿರ ಹೋದರು.

“ಎಷ್ಟಕ್ಕೊಂದು ಗುಳ್ಳೆ?”

“ಹನ್ನೆರಡಕ್ಕೆ, ಸರ್.”

ಮೇಷ್ಟ್ರು ಆರುನೂರನ್ನು ಹನ್ನೆರಡರಿಂದ ಭಾಗಿಸಿ ಐವತ್ತು ಅಂತ ಬರೆದರು. “ಸರಿಯಾಗೇ ಇದೆ” ಎಂದರು. ಗುಳ್ಳಿಯ ಲೆಕ್ಕಕ್ಕೆ ಅವರು ಈ ಮಾತು ಹೇಳಿದ್ದು ಇದೇ ಮೊದಲು. ಅವಳಿಗೆ ಒಂದು ಚೂರೂ ಖುಷಿಯಾಗಲಿಲ್ಲ.

“ತೊಟ್ಟೀಲಿ ಟ್ಯೂಬಿನ ಮೇಲೆ ಯಾರು ಕೂತಿದ್ರು?”

“ಯಾರೂ ಇಲ್ಲ, ಸರ್.”

“ಹೊಳೇಲಿ?”

ಹೊಳೆಯಲ್ಲಿ ಮೇಷ್ಟ್ರಿದ್ದರು. ಅವರ ಭಾರ ಇತ್ತು. ಅಷ್ಟು ಭಾರ ಒಳಗಿನ ಗಾಳಿಯನ್ನು ಹಿಂಡಿದರೆ ಸಾಸಿವೆಯಂಥ ತೂತು ಬಾಗಿಲಾಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದವಳು ಮೇಷ್ಟ್ರ ಪ್ಯಾಂಟನ್ನು ಸೇರಿಸಿಕೊಂಡಿದ್ದಳು, ಮೇಷ್ಟ್ರನ್ನೇ ಬಿಟ್ಟಿದ್ದಳು.

ಮೇಷ್ಟ್ರು ಬಯ್ಯಲಿಲ್ಲ. ಬೋರ್ಡು ಒರೆಸಿದರು, ಏನೂ ಉಳಿಯದ ಹಾಗೆ, ಮೂಲೆಯವರೆಗೂ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗುಳ್ಳಿಗೆ. ಅವಳು ಹೊರಡುವಾಗ ಒಂದೇ ಒಂದು ಮಾತು ಕೇಳಿದರು. ನನಗೆ ಈಜು ಬರಲ್ಲ ಅಂತ ಮಿಕ್ಕವರಿಗೆ ಗೊತ್ತಾಯ್ತಾ ಅಂದರು. ಗುಳ್ಳಿ ಯೋಚಿಸಿ, ಒಂದನೇ ಕ್ಲಾಸಿನವರಿಗೆ ಇನ್ನೂ ಗೊತ್ತಾಗಿಲ್ಲ ಸರ್ ಅಂದಳು. ಮೇಷ್ಟ್ರ ಖಾಕಿ ಶರಟಿನ ಒಂದು ಗುಂಡಿ ಪಟ್ ಅಂತ ಹಾರಿತು. ನಗುವೋ ನಿಟ್ಟುಸಿರೋ ಅವಳಿಗೆ ತಿಳಿಯಲಿಲ್ಲ.

ಅಲ್ಲಿಂದ ಹೆಡ್ ಮೇಡಮ್ ರೂಮಿಗೂ ಅವಳೇ ಹೋಗಿ ಹೇಳಿದಳು. ಅಲ್ಲಿ ಮಾತ್ರ ಬೈಗುಳಕ್ಕೆ ಬರ ಇರಲಿಲ್ಲ. ಎರಡು ಪೀರಿಯಡ್ಡಿಗೆ ಸಾಲುವಷ್ಟು ಸಿಕ್ಕಿತು. ಕೊನೆಗೆ ಪತ್ರ ಹರಿದು ಬುಟ್ಟಿಗೆ ಬಿತ್ತು. ಹರಿದ ಸದ್ದು ಕೇಳಿದ ಮೇಲೇ ಗುಳ್ಳಿ ಬಾಗಿಲು ದಾಟಿದ್ದು.

*

ಆದರೆ ಬೆಳಗ್ಗೆ ಹೊಳೆ ದಾಟಿ ಬಂದವರು ಸಂಜೆ ಮನೆಗೆ ಹೋಗಬೇಕಲ್ಲ.

ಮಕ್ಕಳು ತಮ್ಮ ತಮ್ಮ ಟ್ಯೂಬು ಹಾಕಿಕೊಂಡು ಸಾಲು ನಿಂತರು. ಮೇಷ್ಟ್ರು ದಡದ ಕಲ್ಲಿನ ಮೇಲೆ ಕೂತರು. ರಸ್ತೆಯಲ್ಲಿ ಸುತ್ತಿ ಹೋಗ್ತೀನಿ ಅಂದರು. ರಸ್ತೆಯಲ್ಲಿ ಸುತ್ತಿ ಹೋದರೆ ನಾಡಿದ್ದು ಊಟಕ್ಕೆ ಮನೆ ಸೇರ್ತೀರಿ ಅಂತ ತಾತ ಹೇಳಿದ. ತಾತನ ಟ್ಯೂಬು ಕೊಡೋಣ ಅಂದರೆ ಅದು ಮೇಷ್ಟ್ರ ಅರ್ಧ ಭಾರಕ್ಕೇ ಮುಳುಗುತ್ತದೆ.

ಗುಳ್ಳಿ ಎಲ್ಲರಿಗಿಂತ ಮೊದಲು ದಾಟಿ ಅಂಗಡಿಗೆ ಓಡಿದಳು.

ಅಮ್ಮ ಒಂದು ಲಾರಿ ಟೈರು ಕಳಚುತ್ತಿದ್ದಳು. ಬೆಳಗಿನಿಂದ ಮೂರನೇ ಸಲ ಅದೇ ಕತೆ ಹೇಳುವುದು ಮೊದಲೆರಡು ಸಲಕ್ಕಿಂತ ಕಷ್ಟವಾಯಿತು. ಅಮ್ಮನ ಕೈ ನಿಂತಿತು. ಮಗಳ ಮುಖ ನೋಡದೆ, ಕೈಯ ಗ್ರೀಸನ್ನು ಒಂದೊಂದೇ ಬೆರಳಿನಿಂದ ಒರೆಸಿಕೊಂಡಳು.

“ನನ್ನ ಕಣ್ಣಿಗೆ ಕಾಣಲ್ಲ ಅಂತ ತಾನೇ ನಿನ್ನ ಕೂರಿಸಿದ್ದು” ಎಂದಳು. ಅಷ್ಟೇ.

ಗುಳ್ಳಿಗೆ ಅಳು ಬಂತು. ಅಳಲು ಅಮ್ಮ ಪುರುಸೊತ್ತು ಕೊಡಲಿಲ್ಲ. ಗೋಡೆಯ ಮೇಲಿದ್ದ ಅತಿ ದೊಡ್ಡ ಟ್ಯೂಬನ್ನು ಇಳಿಸಿ ಗಾಳಿ ತುಂಬಿದಳು, ತೊಟ್ಟಿಗೆ ಉರುಳಿಸಿದಳು. ಗುಳ್ಳಿ ಒತ್ತಿ, ತಿರುಗಿಸಿ, ಒರೆಸಿ ನೋಡಿದಳು. ಗುಳ್ಳೆ ಇರಲಿಲ್ಲ. ಸೀಮೆಸುಣ್ಣ ಕೈಗೆತ್ತಿಕೊಂಡವಳು ನಿಂತಳು.

“ಅಮ್ಮಾ, ಇದರ ಮೇಲೆ ಕೂತ್ಕೋ.”

ಅಮ್ಮ ಅವಳನ್ನೇ ನೋಡಿದಳು. ಆಮೇಲೆ ಬಟ್ಟೆಯ ಸಮೇತ ತೊಟ್ಟಿಗಿಳಿದು ಟ್ಯೂಬಿನ ಮೇಲೆ ಕೂತಳು. ಮೇಷ್ಟ್ರ ಭಾರಕ್ಕೆ ಅಮ್ಮ ಸಾಲಳು. ತೊಡೆಯ ಮೇಲೆ ಜಾಕು ಇಟ್ಟಳು, ಸ್ಪ್ಯಾನರಿನ ಡಬ್ಬ ಇಟ್ಟಳು. ಆದರೂ ಸಾಲದು ಅನ್ನಿಸಿತು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರನ್ನು ಕರೆದರು. ಪಂಕ್ಚರ್ ಹಾಕಿಸಲು ಬಂದವನು ತೊಟ್ಟಿಯಲ್ಲಿ ಕೂರುವುದೇ ಅಂತ ಅವನು ಗೊಣಗಿದ. ಟೈರು ಬೇಕೋ ಬೇಡವೋ ಅಂತ ಅಮ್ಮ ಕೇಳಿದ ಮೇಲೆ ಟೀ ಲೋಟದ ಸಮೇತ ಇಳಿದ.

ಗುಳ್ಳಿ ಬಗ್ಗಿ ಕೂತು ನೋಡಿದಳು. ಗಾಳಿ ತುಂಬುವ ವಾಲ್ವ್ ನೋಡಿದಳು, ಅಂಚು ನೋಡಿದಳು, ಎಲ್ಲ ಪ್ಯಾಚುಗಳನ್ನೂ ನೋಡಿದಳು. ಆರುನೂರರವರೆಗೆ ಎಣಿಸಿದಳು. ಡ್ರೈವರಿಗೆ ನಡುಕ ಹತ್ತಿತು. ನೀರು ಮಾತ್ರ ಕನ್ನಡಿಯ ಹಾಗಿತ್ತು.

*

ತಾತ ಮುಂದೆ, ಗುಳ್ಳಿ ಹಿಂದೆ, ನಡುವೆ ದೊಡ್ಡ ಟ್ಯೂಬು. ಅದರ ಮೇಲೆ ಅಂಗಡಿಯ ಒಂದು ಹಳೆ ಹಲಗೆ, ಇನ್ನೊಂದು ಸಣ್ಣ ಟ್ಯೂಬು. ಅವರಿಬ್ಬರೂ ಆಚೆ ದಡ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಮೇಷ್ಟ್ರು ಖಾಕಿ ಶರಟಿನಲ್ಲಿ ಅದೇ ಕಲ್ಲಿನ ಮೇಲೆ ಕೂತಿದ್ದರು.

ಗುಳ್ಳಿ ಸಣ್ಣ ಟ್ಯೂಬು ಕೊಟ್ಟಳು. ನಾನೇನು ಒಂದನೇ ಕ್ಲಾಸಾ ಅಂತ ಅವರು ಕೇಳಲಿಲ್ಲ. ತಲೆಯ ಮೇಲಿಂದ ಹಾಕಿಕೊಂಡರು. ಅದು ಹೊಟ್ಟೆಯ ಹತ್ತಿರ ಬಂದು ಇನ್ನು ಇಳಿಯಲ್ಲ ಅಂತ ಹಟ ಮಾಡಿತು. ಅಲ್ಲೇ ಇರಲಿ ಅಂತ ತಾತ ದಾರ ಬಿಗಿದ.

ದೊಡ್ಡ ಟ್ಯೂಬು ನೀರಿನಲ್ಲಿ ಕಾಯುತ್ತಿತ್ತು. ಮೇಷ್ಟ್ರು ಅದನ್ನು ಒತ್ತಿ ನೋಡಬಹುದಿತ್ತು, ಸುತ್ತ ತಿರುಗಿಸಬಹುದಿತ್ತು. ತಾತನನ್ನಾದರೂ ಕೇಳಬಹುದಿತ್ತು. ಅದೇನೂ ಮಾಡಲಿಲ್ಲ.

“ನೀನೇ ನೋಡಿದೆಯಾ?” ಎಂದು ಗುಳ್ಳಿಯನ್ನು ಕೇಳಿದರು.

“ನಾನೇ, ಸರ್.”

ಮೇಷ್ಟ್ರು ತಲೆಯಾಡಿಸಿ, ಪ್ಯಾಂಟು ಮೇಲೆತ್ತಿ, ತಮ್ಮ ಪೂರ್ತಿ ಭಾರ ಬಿಟ್ಟು ಹಲಗೆಯ ಮೇಲೆ ಕೂತರು. ಹಲಗೆ ಕಿರ್ರ್ ಅಂದಿತು. ಟ್ಯೂಬು ನಾಲ್ಕು ಬೆರಳು ತಗ್ಗಿತು, ನಿಂತಿತು.

ನದಿ ದಾಟುವಷ್ಟು ಹೊತ್ತೂ ಗುಳ್ಳಿ ತಲೆ ಎತ್ತಲಿಲ್ಲ. ಟ್ಯೂಬಿನ ಸುತ್ತಲ ನೀರನ್ನೇ ನೋಡುತ್ತಿದ್ದಳು. ಕಾಲಿಗೆ ಈಚೆ ದಡದ ಮರಳು ಸಿಕ್ಕಾಗಲೇ ಊರು ಬಂತು ಅಂತ ಗೊತ್ತಾದದ್ದು.

ಮೇಷ್ಟ್ರು ಇಳಿದು ಹೊಟ್ಟೆಯ ಟ್ಯೂಬಿನಿಂದ ಬಿಡಿಸಿಕೊಳ್ಳಲು ಒದ್ದಾಡಿದರು. ತಾತ ಎಳೆದ ಮೇಲೆ ಬಂತು. ನಾಲ್ಕು ಹೆಜ್ಜೆ ಹೋದವರು ತಿರುಗಿ, ನಾಳೆ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿದರು.

ಗುಳ್ಳಿ ದೊಡ್ಡ ಟ್ಯೂಬನ್ನು ದಡಕ್ಕೆ ಎಳೆಯುತ್ತಿದ್ದಳು. ಕೈ ನಿಲ್ಲಿಸಿ ಯೋಚಿಸಿದಳು.

“ಸ್ವಲ್ಪ ಬೇಗ ಬನ್ನಿ, ಸರ್” ಎಂದಳು. “ನೋಡೋಕೆ ಹೊತ್ತು ಹಿಡಿಯುತ್ತೆ.”